ಪಕ್ಕದ ಸೀಟಿನ ಬ್ರೇಕ್ ಮೇಡಂ

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡು ಬ್ರೇಕ್ ಇರುತ್ತವೆ. ಒಂದು ಕಲಿಯುವವರ ಕಾಲ ಬುಡದಲ್ಲಿ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲ ಬುಡದಲ್ಲಿ. ಕಲಿಯುವವರು ಗಾಬರಿಬಿದ್ದು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದಾಗ ಎಲ್ಲರ ಪ್ರಾಣ ಉಳಿಯುವುದು ಆ ಎರಡನೆಯ ಬ್ರೇಕಿನಿಂದ. ಅದರ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದವಳು ಇವಳು. ಹಾಗಾಗಿ ಊರಿಗೆಲ್ಲ ಬ್ರೇಕ್ ಮೇಡಂ. ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದರೂ ಮುಂದೆ ಲಾರಿ ಅಡ್ಡ ಬಂದರೆ ಇವಳ ಬಲಗಾಲು ನೆಲವನ್ನು ಒತ್ತುತ್ತಿತ್ತು. ಹಲ್ಲಿನ ಡಾಕ್ಟರರ ಕುರ್ಚಿಯಲ್ಲೂ ಒತ್ತಿದ್ದಾಳಂತೆ.

ಕುಳ್ಳಗಿನ ಗಟ್ಟಿ ಆಳು. ದನಿಯೂ ಹಾಗೇ ಗಟ್ಟಿ, ಕೋಪವಂತೂ ಮೂಗಿನ ತುದಿಯಲ್ಲೇ. ಎರಡು ಅಂಗಡಿಗಳ ನಡುವೆ ಸಿಕ್ಕಿಹಾಕಿಕೊಂಡಂತಿದ್ದ ಒಂದು ಷಟರ್ ಕೋಣೆ ಅವಳ ಆಫೀಸು. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಚಾರ್ಟು, ಮೂಲೆಯಲ್ಲಿ ಒಂದರೊಳಗೊಂದು ಸಿಕ್ಕಿಸಿಟ್ಟ ಕಿತ್ತಳೆ ಬಣ್ಣದ ಕೋನುಗಳು, ಕುಂಟುವ ಕುರ್ಚಿ ಎರಡು. ಹೊಸದಾಗಿ ಬಂದವರನ್ನು ಆ ಕುರ್ಚಿಯಲ್ಲಿ ಕೂರಿಸಿ ಮೊದಲ ದಿನವೇ ಹೇಳಿಬಿಡುತ್ತಿದ್ದಳು: "ನಾನು ಹೇಳಿದ್ದನ್ನ ಮಾಡ್ಬೇಕು. ಯಾಕೆ ಅಂತ ಕೇಳ್ಬಾರ್ದು. ನೀವು ಯಾಕೆ ಅಂತ ಕೇಳೋ ಅಷ್ಟರಲ್ಲಿ ಎದುರಿಗಿರೋನಿಗೆ ಗುದ್ದಿರ್ತೀರ. ಒಪ್ಪಿಗೆ ಇದ್ರೆ ಕೂತ್ಕೊಳ್ಳಿ, ಇಲ್ಲಾಂದ್ರೆ ಬಸ್ ಸ್ಟಾಪ್ ಅಲ್ಲೇ ಇದೆ."

ಯಾರೂ ಎದ್ದು ಹೋಗುತ್ತಿರಲಿಲ್ಲ. ಅವಳ ಕೈಯಲ್ಲಿ ಬೈಸಿಕೊಂಡು ಕಲಿತವರು ಮುಂದೆ ಎಲ್ಲೂ ಗುದ್ದಿಸಿಕೊಳ್ಳುವುದಿಲ್ಲ ಎಂಬ ಮಾತು ಹಬ್ಬಿತ್ತು. ಅದು ನಿಜವೂ ಹೌದು. ಅವಳ ಕಾರಿನಲ್ಲಿ ಕಲಿಯುವಾಗ ಯಾರೊಬ್ಬರಿಗೂ ಉಗುರು ತಾಗಿದಷ್ಟು ಗಾಯವೂ ಆಗಿರಲಿಲ್ಲ. ಅವಳ ಹೆಮ್ಮೆಯೆಲ್ಲ ಅದೊಂದರಲ್ಲೇ ಇತ್ತು.

ಗಂಡ ನೀರಿನ ಇಲಾಖೆಯಲ್ಲಿ ವಾಲ್ವ್‌ಮನ್. ಬೆಳಗಾದರೆ ಉದ್ದನೆಯ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೊರಟು, ಈ ಬೀದಿಯ ವಾಲ್ವು ಮುಚ್ಚಿ ಆ ಬೀದಿಯದು ತೆರೆಯುವುದು ಅವನ ಕೆಲಸ. ಹೆಂಡತಿ ಏನು ಹೇಳಿದರೂ ಅವನ ಉತ್ತರ ಒಂದೇ: "ಆಯ್ತು." ಊಟಕ್ಕೆ ಬನ್ನಿ ಎಂದರೂ ಆಯ್ತು, ನಿಮ್ಮ ಅಂಗಿ ನೋಡಿದ್ರೆ ವಾಂತಿ ಬರತ್ತೆ ಎಂದರೂ ಆಯ್ತು. ಅವಳಿಗೆ ಅದರಿಂದ ಒಮ್ಮೊಮ್ಮೆ ಪಿತ್ತ ನೆತ್ತಿಗೇರುತ್ತಿತ್ತು. ಜಗಳಕ್ಕೆ ಎದುರಾಳಿಯೇ ಇಲ್ಲದಿದ್ದರೆ ಮನುಷ್ಯರು ಯಾರ ಜೊತೆ ಬದುಕಬೇಕು ಹೇಳಿ!

ತೊಂದರೆ ಶುರುವಾದದ್ದು ಬೆಳಗಿನ ಪಾಠಗಳಲ್ಲಿ. ಏಳುತ್ತಲೇ ತಲೆ ಮಂಕು, ಕೈ ನಡುಕ, ಮೈಯೆಲ್ಲ ತಣ್ಣನೆ ಬೆವರು. ಏನಾದರೂ ಸಿಹಿ ತಿಂದರೆ ಐದು ನಿಮಿಷಕ್ಕೆ ಸರಿ. ಹಾಗಾಗಿ ತಿನ್ನತೊಡಗಿದಳು. ಕಾರಿನ ಡ್ಯಾಷ್‌ಬೋರ್ಡಿನ ಡಬ್ಬಿಯಲ್ಲಿ ಬಿಸ್ಕತ್ತು, ಬಾಗಿಲ ಸಂದಿಯಲ್ಲಿ ಚಾಕೊಲೇಟು, ಆಫೀಸಿನ ಡ್ರಾಯರಿನಲ್ಲಿ ಸಕ್ಕರೆ. ಮೈ ಊದಿತು. ಎರಡು ಬೀದಿ ಆಚೆ ಇರುವ ಅವಳ ಅಕ್ಕ ನೋಡಿದವಳೇ, "ಏನೇ ಇದು, ಸೀಟ್ ಬೆಲ್ಟ್ ಸಾಲದೇ ಬರೋ ಹಾಗೆ ಆಗಿದೀಯ" ಎಂದಳು. ಹತ್ತಿರದ ಕ್ಲಿನಿಕ್ಕಿನವರು ನರಗಳ ನಿಶ್ಶಕ್ತಿ ಎಂದರು. ಅಲ್ಲಿ ವಾಸಿಯಾಗದಿದ್ದಾಗ ಇನ್ನೊಬ್ಬರು, ಈ ವಯಸ್ಸಿಗೆ ಹೆಂಗಸರಿಗೆ ಮನಸ್ಸು ಹೀಗೆಲ್ಲ ಆಡುತ್ತದೆ ಎಂದು ನಿದ್ದೆ ಮಾತ್ರೆ ಕೊಟ್ಟರು. ಅವಳು ಆ ಮಾತ್ರೆಗಳನ್ನು ಅವರ ಮುಂದೆಯೇ ಕಸದ ಬುಟ್ಟಿಗೆ ಹಾಕಿ ಬಂದಳು.

ಆಮೇಲೆ ನಡೆದದ್ದು ಸರ್ಕಲ್ಲಿನ ಪ್ರಕರಣ. ಅಂದು ಕಲಿಯಲು ಬಂದಿದ್ದವರು ಶಾಲೆಯ ಲೆಕ್ಕದ ಮೇಷ್ಟ್ರು. ತಾವು ಹೇಳಿದ್ದನ್ನು ಮಕ್ಕಳು ತುಟಿ ಪಿಟಕ್ಕೆನ್ನದೆ ಮಾಡಬೇಕು ಎನ್ನುವ ಪೈಕಿ. ಹಾಗಾಗಿ ಬ್ರೇಕ್ ಮೇಡಂ ಹೇಳಿದ್ದನ್ನು ತಾವೂ ತುಟಿ ಪಿಟಕ್ಕೆನ್ನದೆ ಮಾಡುತ್ತಿದ್ದರು. ಪೇಟೆಯ ನಡುವಿನ ದೊಡ್ಡ ವೃತ್ತಕ್ಕೆ ಬಂದಾಗ ಅವಳು "ತಿರುಗಿಸಿ" ಎಂದಳು. ತಿರುಗಿಸಿದರು. "ಹಾಗೇ ಹಿಡೀರಿ, ತಿರುಗಿಸಿ" ಎಂದಳು. ಅವರು ಹಿಡಿದರು, ತಿರುಗಿಸಿದರು. ವೃತ್ತದ ಸುತ್ತ ಒಂದು ಸುತ್ತಾಯಿತು, ಎರಡಾಯಿತು, ಆಮೇಲೆ ಎಷ್ಟಾಯಿತೆಂದು ಲೆಕ್ಕದ ಮೇಷ್ಟ್ರಿಗೇ ಲೆಕ್ಕ ತಪ್ಪಿತು. ಹೂವಿನ ಗಾಡಿಯವನು ಎದ್ದುನಿಂತು ನೋಡತೊಡಗಿದ. ಮೇಡಂ ಎದುರಿನ ಗಾಜನ್ನು ದಿಟ್ಟಿಸುತ್ತ, ನಾಲಿಗೆ ದಪ್ಪವಾದವರ ಹಾಗೆ, "ತಿರುಗ್ಸಿ... ತಿರುಗ್ಸಿ..." ಎನ್ನುತ್ತಲೇ ಇದ್ದಳು.

ಕೊನೆಗೆ ಟ್ರಾಫಿಕ್ ಪೊಲೀಸಿನವನು ಅಡ್ಡ ನಿಂತು ಕಾರು ನಿಲ್ಲಿಸಿದ. ಬಾಗಿಲು ತೆಗೆದು ಅವಳ ಮುಖ ನೋಡಿದವನೇ, "ಬೆಳಗ್ಗೆ ಬೆಳಗ್ಗೇನೇ ಏರಿಸ್ಕೊಂಡು ಬಂದಿದೀರಾ ಅಮ್ಮ?" ಎಂದ. ಕುಡಿದದ್ದನ್ನು ಹಿಡಿಯುವ ಉಸಿರಿನ ಯಂತ್ರ ಬಾಯಿಗಿಟ್ಟರೆ ಅದು ಸೊನ್ನೆ ತೋರಿಸಿತು. ಗಿರಾಕಿಯೊಬ್ಬರಿಗೆ ಹಣ್ಣಿನ ರಸ ಕೊಡುತ್ತಿದ್ದ ಅಂಗಡಿಯವನು, ಏನಾದರಾಗಲಿ ಎಂದು ಒಂದು ಲೋಟ ತಂದು ಕುಡಿಸಿದ. ಕುಡಿದು ಸ್ವಲ್ಪ ಹೊತ್ತಿಗೆ ಅವಳ ಕಣ್ಣಿಗೆ ಜೀವ ಬಂತು. ಬಂದ ಕೂಡಲೇ ಮಾಡಿದ ಮೊದಲ ಕೆಲಸವೆಂದರೆ, ರಸ್ತೆ ನಡುವೆ ಗಾಡಿ ನಿಲ್ಲಿಸಿದ್ದಕ್ಕೆ ಪೊಲೀಸಿನವನ ಚಳಿ ಬಿಡಿಸಿದ್ದು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಅಷ್ಟು ಸುತ್ತು ಹಾಕಿದ್ರಲ್ಲ, ಒಂದು ಮಾತು ಕೇಳ್ಬಾರ್ದಿತ್ತಾ?" ಎಂದಳು.

"ಕೇಳ್ಬಾರ್ದು ಅಂತ ನೀವೇ ಹೇಳಿದ್ರಲ್ಲ ಮೇಡಂ," ಎಂದರು ಮೇಷ್ಟ್ರು. "ಸ್ಟೀರಿಂಗ್ ಹದಕ್ಕೆ ಬರ್ಲಿ ಅಂತ ಮಾಡಿಸ್ತಿದೀರ ಅಂದ್ಕೊಂಡೆ."

ಅವಳಿಗೆ ಆಗ ಹೊಳೆಯಿತು: ತಾನು "ಮುಂದಕ್ಕೆ ಬಿಡಿ" ಎಂದಿದ್ದರೆ ಈ ಪುಣ್ಯಾತ್ಮ ನೇರ ಹೂವಿನ ಗಾಡಿಯ ಮೇಲೆ ಬಿಡುತ್ತಿದ್ದ.

ಹೀಗಾಗಿ ದೊಡ್ಡಾಸ್ಪತ್ರೆ ಸೇರಿದಳು. ಅಲ್ಲಿನ ಹಾರ್ಮೋನು ವಿಭಾಗದ ಡಾಕ್ಟರಮ್ಮ ಅವಳಿಗಿಂತ ಎಷ್ಟೋ ಚಿಕ್ಕವಳು, ಸಣಕಲು ಹುಡುಗಿ, ಮಾತು ಮಾತ್ರ ಕಡ್ಡಿ ಮುರಿದಂತೆ. ಮಂಚದ ಮೇಲೆ ಮಲಗಿಸಿ, ನೀರು ಬಿಟ್ಟು ಬೇರೇನೂ ಕೊಡದೆ, ನರ್ಸುಗಳನ್ನು ಕಾವಲಿಗೆ ಹಾಕಿ ಉಪವಾಸ ಇರಿಸಿದಳು. ಸಕ್ಕರೆ ಎಲ್ಲಿಗೆ ಇಳಿಯುತ್ತದೆ, ಇಳಿದಾಗ ರಕ್ತದಲ್ಲಿ ಏನಿರುತ್ತದೆ ಎಂದು ಹಿಡಿಯುವ ಪರೀಕ್ಷೆ ಅದು. ಬಹಳ ಹೊತ್ತು ಕಾಯಬೇಕಾಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳು ನರ್ಸಿಗೆ ಗೇರ್ ಬದಲಿಸಲು ಹೇಳುತ್ತಿದ್ದಳು. ರಕ್ತ ತೆಗೆದುಕೊಂಡು ತಕ್ಷಣ ಗ್ಲೂಕೋಸ್ ಏರಿಸಿದರು. ಆಮೇಲೆ ಸ್ಕ್ಯಾನುಗಳಾದವು.

ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು. "ಹೊಟ್ಟೆ ಹಿಂದೆ ಮೇದೋಜೀರಕ ಗ್ರಂಥಿ ಅಂತ ಇದೆ. ಇನ್ಸುಲಿನ್ ಮಾಡೋದು ಅದೇ. ಅದರ ಬಾಲದಲ್ಲಿ ಒಂದು ಗೆಡ್ಡೆ ಎದ್ದಿದೆ. ಆ ಗೆಡ್ಡೆಗೆ ಹೊತ್ತು ಗೊತ್ತು ಇಲ್ಲ. ನೀವು ಉಂಡಿರಲಿ ಬಿಟ್ಟಿರಲಿ, ಇನ್ಸುಲಿನ್ ಸುರೀತಾನೇ ಇರತ್ತೆ. ಸಕ್ಕರೆ ಕಾಯಿಲೆ ಇರೋರಿಗೆ ಸಾಲದೇ ಇರೋದು ನಿಮಗೆ ಜಾಸ್ತಿ ಆಗಿದೆ. ಇನ್ನೊಂದು ವಿಷಯ. ಅದು ಲಿವರ್‌ಗೂ ಹರಡಿದೆ. ಅಲ್ಲಿ ಒಂದಲ್ಲ, ಸುಮಾರು ಇವೆ. ಅವೂ ಇದೇ ಕೆಲಸ ಮಾಡ್ತಿವೆ."

ಗಂಡ ಕೈಯಲ್ಲಿದ್ದ ಚೀಲವನ್ನು ಮಡಚುತ್ತ ಬಿಚ್ಚುತ್ತ ಕೂತ. ಅವಳು ಮಾತ್ರ, "ಕ್ಯಾನ್ಸರ್ ಅಂತ ಬಾಯಿಬಿಟ್ಟು ಹೇಳಮ್ಮ, ನಾನೇನು ಬೀಳಲ್ಲ" ಎಂದಳು.

"ಕ್ಯಾನ್ಸರೇ. ಆದ್ರೆ ಮೇದೋಜೀರಕದ ಕ್ಯಾನ್ಸರ್ ಅಂದ ತಕ್ಷಣ ಜನ ಹೆದರೋದು ಬೇರೆ ಜಾತೀದಕ್ಕೆ. ಇದು ನಿಧಾನ. ಪೂರ್ತಿ ಹೋಗತ್ತೆ ಅಂತ ನಾನು ಹೇಳಲ್ಲ, ಸುಳ್ಳಾಗತ್ತೆ. ಹಿಡಿದಿಡೋಕೆ ದಾರಿಗಳಿವೆ. ಒಂದು ಸಾಲದಿದ್ರೆ ಇನ್ನೊಂದು."

"ಸರಿ. ನಾನು ಪಾಠಕ್ಕೆ ಯಾವಾಗಿಂದ ಹೋಗ್ಬಹುದು?"

"ಹೋಗೋ ಹಾಗಿಲ್ಲ. ಸಕ್ಕರೆ ಒಂದು ಕಡೆ ನಿಲ್ಲೋವರೆಗೂ ಸ್ಟೀರಿಂಗೂ ಇಲ್ಲ, ಪಕ್ಕದ ಸೀಟೂ ಇಲ್ಲ."

ಕ್ಯಾನ್ಸರ್ ಎಂದಾಗ ಬೀಳದಿದ್ದವಳು ಈ ಮಾತಿಗೆ ಕುರ್ಚಿಯ ಕೈ ಹಿಡಿದುಕೊಂಡಳು. ಅವಳಿಗೆ ಸಾವು ಎಂಬುದು ಎಲ್ಲೋ ದೂರದ ಸಂಗತಿ. ಆ ಸೀಟು ಇಲ್ಲದ ನಾಳೆಯ ಬೆಳಗು ಮಾತ್ರ ಕಣ್ಣೆದುರಿಗೇ ಕಂಡಿತು. ಆ ಗಳಿಗೆಯಿಂದ ಮುಂದೆ ಅವಳು ಮಾಡಿದ ಜಗಳವೆಲ್ಲ, ನುಂಗಿದ ಮಾತ್ರೆಯೆಲ್ಲ ಆ ಒಂದು ಸೀಟಿಗಾಗಿ.

ಸುದ್ದಿ ತಿಳಿದ ಅಕ್ಕ ಅಳುತ್ತಲೇ ಬಂದಳು. ಅವಳ ಮನೆಯ ಹತ್ತಿರದ ಡಾಕ್ಟರೊಬ್ಬರು, ಲಿವರ್‌ಗೆ ಹೋದ ಮೇಲೆ ಮುಗಿದ ಹಾಗೆ, ಸುಮ್ಮನೆ ಚುಚ್ಚಿ ಕೊಯ್ದು ಹಿಂಸೆ ಯಾಕೆ, ಮನೆಯಲ್ಲಿ ನೆಮ್ಮದಿಯಾಗಿಡಿ ಎಂದಿದ್ದರಂತೆ. "ಮಲ್ಕೋ ಕಣೇ. ದುಡಿದಿದ್ದು ಸಾಕು. ಇರೋಷ್ಟು ದಿನ ಆರಾಮಾಗಿರು," ಎಂದು ಅಕ್ಕ ಅವಳ ತಲೆ ಸವರಿದಳು.

"ಆ ಡಾಕ್ಟರು ನನ್ನನ್ನ ನೋಡಿದಾರಾ? ನನ್ನ ಸ್ಕ್ಯಾನ್ ನೋಡಿದಾರಾ? ಮತ್ತೆ ಅವರ್ಯಾರು ನನ್ನ ಷಟರ್ ಎಳೆಯೋಕೆ?" ಎಂದು ಅವಳು ತಲೆ ಮೇಲಿನ ಕೈಯನ್ನು ತೆಗೆದು ಅಕ್ಕನ ಮಡಿಲಿಗೇ ಇಟ್ಟಳು. "ಅಳೋದಾದ್ರೆ ಅಡುಗೆಮನೆಗೆ ಹೋಗಿ ಅಳು. ಬರ್ತಾ ನಂಗೊಂದು ಲೋಟ ಹಾಲಿಗೆ ಮೂರು ಚಮಚ ಸಕ್ಕರೆ ಹಾಕ್ಕೊಂಡು ಬಾ."

ಮೊದಲು ಬಂದದ್ದು ಮಾತ್ರೆ. ಗೆಡ್ಡೆ ಇನ್ಸುಲಿನ್ ಸುರಿಯುವುದನ್ನು ತಡೆಯುವಂಥದ್ದು. ಅದರಿಂದ ಸಕ್ಕರೆ ಒಂದಿಷ್ಟು ಮೇಲೆ ನಿಂತಿತು, ಜೊತೆಗೆ ಕಾಲು ಊದಿತು, ಮುಖದ ಮೇಲೆ ಕೂದಲು ಬೆಳೆಯಿತು. ತುಟಿ ಮೇಲೆ ಸಣ್ಣಗೆ ಚಿಗುರಿದ ಕೂದಲು ತಿಂಗಳು ಕಳೆಯುವಷ್ಟರಲ್ಲಿ ನೆಟ್ಟಗಿನ ಮೀಸೆಯೇ ಆಯಿತು. ಅಕ್ಕ ಕದ್ದು ಮುಚ್ಚಿ ಒಂದು ಕ್ರೀಮಿನ ಡಬ್ಬಿ ತಂದುಕೊಟ್ಟಳು. ಅವಳು ಕನ್ನಡಿಯ ಮುಂದೆ ನಿಂತು ಎರಡೂ ತುದಿ ತಿರುವಿ, "ರೀ, ನಿಮಗಿಂತ ನಂಗೇ ಚೆನ್ನಾಗೊಪ್ಪತ್ತೆ ನೋಡಿ" ಎಂದು ಗಂಡನನ್ನು ಕರೆದಳು. ಗಂಡ ಬಂದು ನೋಡಿ, ಆಯ್ತು ಎಂದ. ಆಮೇಲೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಅದೇ ಮೀಸೆಯಲ್ಲಿ ಅವಳು ಪೇಟೆಗೂ ಹೋದಳು. ದಿಟ್ಟಿಸಿ ನೋಡಿದವರನ್ನು ತಿರುಗಿ ದಿಟ್ಟಿಸಿದಳು. ಅವರೇ ಕಣ್ಣು ತಗ್ಗಿಸಿದರು.

ಆಮೇಲೆ ತಿಂಗಳಿಗೊಮ್ಮೆ ಸೊಂಟಕ್ಕೆ ಚುಚ್ಚುವ ಇಂಜೆಕ್ಷನ್. ಕೆಲವರಿಗೆ ಇದರಿಂದ ಸಕ್ಕರೆ ಇನ್ನೂ ಇಳಿಯುವುದುಂಟು ಎಂದು ಡಾಕ್ಟರಮ್ಮ ಮೊದಲು ಆಸ್ಪತ್ರೆಯಲ್ಲೇ ಸಣ್ಣ ಪ್ರಮಾಣದಲ್ಲಿ ಕೊಟ್ಟು, ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಇವಳಿಗೆ ಒಗ್ಗುತ್ತದೆ ಎಂದ ಮೇಲೇ ಶುರುಮಾಡಿದಳು. ಇಷ್ಟಾದರೂ ಸಕ್ಕರೆ ಜಪ್ಪಯ್ಯ ಅಂದರೂ ಒಂದು ಕಡೆ ನಿಲ್ಲಲಿಲ್ಲ. ಮನೆಯಲ್ಲಿ ಗಂಡ ನಡುರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ಅವಳಿಗೆ ತಿನ್ನಿಸುವುದು ತಪ್ಪಲಿಲ್ಲ.

ಬಾಲದ ಗೆಡ್ಡೆಯೊಂದನ್ನೇ ಕೊಯ್ದರೆ ಸಾಲದು, ಲಿವರಿನ ಗೆಡ್ಡೆಗಳು ಕೊಯ್ದು ತೆಗೆಯಲಾರದಷ್ಟು ಇದ್ದವು. ಉಳಿದದ್ದು ಅವುಗಳ ರಕ್ತ ನಿಲ್ಲಿಸುವ ದಾರಿ. ಡಾಕ್ಟರಮ್ಮ ಚಿತ್ರ ಬರೆದು ಹೇಳಿದ್ದು ಅವಳ ತಲೆಗೆ ಹೋಗಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಗಂಡ ತನಗೆ ಅರ್ಥವಾದಂತೆ ಹೇಳಿದ.

"ಲಿವರ್‌ಗೆ ಎರಡು ಪೈಪ್ ಅಂತೆ ಕಣೇ. ಒಂದು ಕರುಳಿಂದ ಬರೋದು, ದೊಡ್ಡದು. ಇನ್ನೊಂದು ಹೃದಯದ ಕಡೆಯಿಂದ ಬರೋದು. ಲಿವರ್ ದೊಡ್ಡ ಪೈಪಲ್ಲಿ ಹೇಗೋ ಬದುಕ್ಕೊಳತ್ತೆ. ಗೆಡ್ಡೆಗಳು ಮಾತ್ರ ಎರಡನೇ ಪೈಪ್‌ಗೆ ಬಾಯಿಟ್ಟಿವೆ. ತೊಡೆ ಹತ್ರದಿಂದ ಸಣ್ಣ ನಳಿಗೆ ತೂರಿಸ್ಕೊಂಡು ಅಲ್ಲೀವರೆಗೂ ಹೋಗಿ, ಆ ಗೆಡ್ಡೆಗಳಿಗೆ ಹೋಗೋ ಲೈನ್‌ಗಳಿಗೆ ಚೂರುಚೂರು ಮಣಿ ಬಿಟ್ಟು ಮುಚ್ಚಿಬಿಡ್ತಾರೆ. ಎಲ್ಲಾ ಒಂದೇ ಸಲ ಅಲ್ಲ. ಈಗ ಅರ್ಧ, ಆಮೇಲೆ ಅರ್ಧ."

"ಅಂದ್ರೆ ನನ್ನ ಲಿವರ್ ಒಳಗೆ ಕೂತು ನಂಗೇ ಆಟ ಆಡಿಸ್ತಿರೋ ಮುಂಡೇವಕ್ಕೆ ನೀರು ಬಂದ್ ಮಾಡೋದು."

"ಹೂಂ."

"ಮಾಡ್ಸಿ," ಎಂದಳು.

ಮೊದಲ ಅರ್ಧ ಮುಗಿದ ಮೇಲಿನ ದಿನಗಳನ್ನು ಅವಳು ಶತ್ರುವಿಗೂ ಹಾರೈಸಳು. ಬಲಪಕ್ಕೆಯ ಕೆಳಗೆ ಯಾರೋ ಕಾದ ಕಬ್ಬಿಣ ಇಟ್ಟು ಮರೆತುಹೋದಂತೆ ನೋವು. ಜ್ವರ, ವಾಂತಿ. ಗೆಡ್ಡೆ ಸಾಯುವಾಗ ಹೀಗೇ, ಇದು ನಿರೀಕ್ಷಿಸಿದ್ದೇ ಎಂದು ಡಾಕ್ಟರಮ್ಮ ಬಂದು ಹೇಳಿದಾಗ, "ನೀನು ನಿರೀಕ್ಷಿಸಿದ್ದೆ, ನಾನು ನಿರೀಕ್ಷಿಸಿರ್ಲಿಲ್ಲ" ಎಂದು ಗೋಡೆ ಕಡೆ ತಿರುಗಿದಳು. ಮನೆಗೆ ಬಂದ ಮೇಲೆ ಗಂಡನಿಗೆ ಖಡಾಖಂಡಿತವಾಗಿ ಹೇಳಿದಳು, ಇನ್ನರ್ಧ ಈ ಜನ್ಮದಲ್ಲಿ ಇಲ್ಲ ಅಂತ. ಗಂಡ ಆಯ್ತು ಎಂದ. ಆದರೆ ಆ ನೋವಿಗೆ ಫಲ ಸಿಕ್ಕಿತ್ತು. ಬೆಳಗಿನ ಬೆವರು ಕಡಿಮೆಯಾಗಿತ್ತು, ತಿಂಡಿ ತಡವಾದರೂ ತಲೆ ನಿಲ್ಲುತ್ತಿತ್ತು. ಅಷ್ಟಕ್ಕೇ ಅವಳು ಗೆದ್ದೆನೆಂದುಕೊಂಡು ಆಸ್ಪತ್ರೆಗೆ ಹೋಗಿ ಕಾಲು ಕೆರೆದು ಜಗಳಕ್ಕೆ ನಿಂತಳು.

"ನಾನು ಓಡಿಸಲ್ಲ. ಬರೀ ಪಕ್ಕದಲ್ಲಿ ಕೂರ್ತೀನಿ. ಓಡಿಸೋರು ಓಡಿಸ್ತಾರೆ. ಅದಕ್ಕೇನು ನಿನ್ನ ಅಡ್ಡಿ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. "ಆ ಕಡೆ ಬ್ರೇಕ್ ಇರೋದು ಯಾಕೆ?"

"ಕಲಿಯೋರು ತಪ್ಪಿದಾಗ ಒತ್ತೋಕೆ."

"ನೀವು ತಪ್ಪಿದಾಗ ಒತ್ತೋಕೆ ಯಾರಿದಾರೆ?"

ಅವಳಿಗೆ ನೆನಪಾದದ್ದು ಮೇಷ್ಟ್ರು. ಮೇಷ್ಟ್ರಿಗೂ ಹೆಂಡತಿ ಮಕ್ಕಳಿದ್ದಾರೆ. ಆ ಮನುಷ್ಯನ ಜೀವ ತನ್ನ ಬಾಯಲ್ಲಿತ್ತು, ತನ್ನ ಬಾಯಿ ಆಗ ತನ್ನದಾಗಿರಲಿಲ್ಲ. ಡಾಕ್ಟರಮ್ಮನ ಮೇಲೆ ಸಿಟ್ಟು ಬರಲಿ ಎಂದು ಕಾದಳು. ಬಂದದ್ದು ತನ್ನ ಮೇಲೆ, ತನಗಿಂತ ಹೆಚ್ಚಾಗಿ ಆ ಗೆಡ್ಡೆಗಳ ಮೇಲೆ.

"ಇನ್ನರ್ಧ ಯಾವಾಗ ಮುಚ್ತೀಯ?" ಎಂದಳು.

"ನೋವಿರತ್ತೆ. ಮೊದಲಿನಷ್ಟೇ."

"ಅದು ನಂಗೊತ್ತು, ನಿಂಗೊತ್ತಿಲ್ಲ. ತಾರೀಕು ಹೇಳು."

ಎರಡನೆಯ ಸಲ ನೋವು ಮೊದಲಿನಷ್ಟೇ ಇತ್ತು. ಈ ಸಲ ಅವಳು ಗೋಡೆ ಕಡೆ ತಿರುಗಲಿಲ್ಲ. ಹಲ್ಲು ಕಚ್ಚಿ, ಗಂಡನ ಮಣಿಕಟ್ಟನ್ನು ಹಿಡಿದು, ತನಗೆ ಗೊತ್ತಿದ್ದ ಬೈಗುಳವನ್ನೆಲ್ಲ ಆ ಗೆಡ್ಡೆಗಳಿಗೆ ಬೈದಳು. ಪಕ್ಕದ ಮಂಚದ ಅಜ್ಜಿಯೊಬ್ಬರು ಮೊದಮೊದಲು ಕಿವಿ ಮುಚ್ಚಿಕೊಂಡವರು, ಸಂಜೆಯ ಹೊತ್ತಿಗೆ ತಮ್ಮ ಮಂಡಿ ನೋವಿಗೂ ಅದೇ ಬೈಗುಳ ಬಳಸತೊಡಗಿದರು. ಗಂಡನ ಮಣಿಕಟ್ಟಿನ ಮೇಲೆ ಬಿದ್ದ ಉಗುರಿನ ಗುರುತು ವಾರಗಟ್ಟಲೆ ಮಾಯಲಿಲ್ಲ. ಅವನು ಅದನ್ನು ಅಂಗಿಯ ತೋಳು ಎಳೆದು ಮುಚ್ಚಿಕೊಂಡೇ ವಾಲ್ವು ತಿರುಗಿಸಿದ.

ತಿಂಗಳುಗಳು ಕಳೆದವು. ಮಾತ್ರೆ ಕಡಿಮೆಯಾಯಿತು, ಮೀಸೆ ಉದುರಿತು. ಸ್ಕ್ಯಾನಿನಲ್ಲಿ ಗೆಡ್ಡೆಗಳು ಕುಗ್ಗಿದ್ದವು, ಹೋಗಿರಲಿಲ್ಲ. ಮತ್ತೆ ತಲೆ ಎತ್ತಿದರೆ ಮತ್ತೆ ಮುಚ್ಚಬಹುದು, ವಿಕಿರಣ ಬೆರೆಸಿದ ಔಷಧವನ್ನು ರಕ್ತಕ್ಕೆ ಬಿಟ್ಟು ಅವುಗಳನ್ನೇ ಹುಡುಕಿ ಸುಡುವ ಇನ್ನೊಂದು ಚಿಕಿತ್ಸೆಯೂ ಇದೆ ಎಂದಳು ಡಾಕ್ಟರಮ್ಮ. ಮೇಡಂ ತೋಳಿಗೆ ಬಿಲ್ಲೆಯಂಥದ್ದೊಂದನ್ನು ಅಂಟಿಸಿದರು. ಅದು ಹಗಲೂ ರಾತ್ರಿ ಸಕ್ಕರೆ ಅಳೆದು ಫೋನಿಗೆ ಕಳಿಸುತ್ತದೆ, ಇಳಿಯತೊಡಗಿದರೆ ಕೂಗಿಕೊಳ್ಳುತ್ತದೆ. ಬಹಳ ಕಾಲ ಅದು ಕೂಗಲಿಲ್ಲ. ಆಗ ಡಾಕ್ಟರಮ್ಮ ಪಕ್ಕದ ಸೀಟಿಗೆ ಒಪ್ಪಿದಳು, ಒಂದು ಷರತ್ತಿನ ಮೇಲೆ: ಸ್ಟೀರಿಂಗ್ ಹಿಡಿದವರಿಗೆ ವಿಷಯ ಗೊತ್ತಿರಬೇಕು, ಅದು ಕೂಗಿದರೆ ಮೇಡಂ ಏನೇ ಹೇಳಿದರೂ ಕಾರು ನಿಲ್ಲಿಸುವಂಥವರಾಗಿರಬೇಕು.

ಅವಳು ಷಟರ್ ಎತ್ತಿ, ಧೂಳು ಹೊಡೆದು, ಕೋನುಗಳನ್ನು ತೊಳೆದಿಟ್ಟು ಕೂತಳು. ಯಾರೂ ಬರಲಿಲ್ಲ. ಊರಿನ ಬಾಯಿ ಅವಳಿಗಿಂತ ಮುಂಚೆ ಕೆಲಸ ಶುರುಮಾಡಿತ್ತು. ಬಂದ ಒಬ್ಬಿಬ್ಬರೂ ಷರತ್ತು ಕೇಳಿ, "ಯೋಚನೆ ಮಾಡಿ ಹೇಳ್ತೀವಿ ಮೇಡಂ" ಎಂದು ಜಾರಿಕೊಂಡರು. ಅಕ್ಕ ಬಂದು, ಈಗಲಾದರೂ ಬೋರ್ಡು ಇಳಿಸು ಎಂದಳು. ಬೋರ್ಡು ಇಳಿಸುವುದಿಲ್ಲ, ಬೇಕಾದರೆ ನೀನು ಏಣಿ ಇಳಿದು ಹೋಗು ಎಂದಳು ಅವಳು. ಅಲ್ಲಿ ಏಣಿ ಇರಲೇ ಇಲ್ಲ. ಅಷ್ಟು ಸಿಟ್ಟು ಬಂದಿತ್ತು. ಅಕ್ಕ ಹೋದ ಮೇಲೆ ಕುಂಟು ಕುರ್ಚಿಯಲ್ಲಿ ಒಬ್ಬಳೇ ಕೂತು, ಇಷ್ಟೆಲ್ಲ ಸಹಿಸಿದ್ದು ಖಾಲಿ ಕೋಣೆ ಕಾಯುವುದಕ್ಕಾ ಎಂದು ಅತ್ತಳು.

ಗಂಡ ಕೆಲಸ ಮುಗಿಸಿ ಬಂದವನು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಬಂದ. ಎದುರಿನ ಕುರ್ಚಿಯಲ್ಲಿ ಕೂತ. "ನಂಗೆ ಕಲಿಸು," ಎಂದ.

"ನಿಮಗಾ? ಸೈಕಲ್ಲಲ್ಲೇ ನಾಯಿಗೆ ಹೆದರಿ ಇಳೀತೀರ."

"ಕಲಿಸು."

ಅವನ ಕಲಿಕಾ ಲೈಸೆನ್ಸ್ ಕೈಗೆ ಬಂದ ಮಾರನೆಯ ಬೆಳಿಗ್ಗೆ ಹಳೆಯ ಗೋದಾಮುಗಳ ಹಿಂದಿನ ಅಗಲ ರಸ್ತೆಗೆ ಕಾರು ಬಂತು. ಅಲ್ಲಿಯವರೆಗೆ ಅದನ್ನು ತಂದುಕೊಟ್ಟವನು ಗ್ಯಾರೇಜಿನ ಮೆಕ್ಯಾನಿಕ್ಕು. ಗಂಡ ಸ್ಟೀರಿಂಗಿನ ಹಿಂದೆ, ಮದುವೆ ಫೋಟೋಗೆ ಕೂತವನ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತ. ಅವಳು ಪಕ್ಕದ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಬ್ರೇಕಿನ ಮೇಲೆ ಕಾಲಿಟ್ಟು ಎರಡು ಸಲ ಒತ್ತಿ ನೋಡಿದಳು. "ಕ್ಲಚ್ ಪೂರ್ತಿ ಒತ್ತಿ. ಒಂದನೇ ಗೇರ್. ಈಗ ನಿಧಾನಕ್ಕೆ ಬಿಡಿ... ನಿಧಾನಕ್ಕೆ ಅಂದೆ! ಅದೇನು ನಿಮ್ಮ ವಾಲ್ವಾ?"

ಎರಡು ಸಲ ಆಫ್ ಆಗಿ, ಮೂರನೆಯ ಸಲ ಕಾರು ಹೊರಟಿತು. ಅವನು ಚೆನ್ನಾಗಿಯೇ ಹಿಡಿದಿದ್ದ. ಎರಡನೇ ಗೇರಿಗೆ ಬಂದರು, ಗೋದಾಮಿನ ಗೇಟು ದಾಟಿದರು, ಮುಂದೆ ರಸ್ತೆ ಮುಖ್ಯರಸ್ತೆಗೆ ಕೂಡುವುದು ಕಾಣುತ್ತಿತ್ತು. ಅವಳಿಗೆ ಎಷ್ಟೋ ಕಾಲದ ಮೇಲೆ ಎದೆ ತುಂಬ ಉಸಿರು ಬಂದಂತಾಯಿತು. ಆಗ ಫೋನು ಕೂಗಿತು.

"ಹೋಗ್ತಾ ಇರಿ," ಎಂದಳು. "ನಂಗೇನೂ ಆಗಿಲ್ಲ. ತಲೆ ನೆಟ್ಟಗಿದೆ. ಮುಖ್ಯರಸ್ತೆಗೆ ಬಿಡಿ."

ಗಂಡ ಕನ್ನಡಿ ನೋಡಿದ. ಪಕ್ಕಕ್ಕೆ ತೆಗೆದ. ನಿಲ್ಲಿಸಿದ. ಎಂಜಿನ್ ಆರಿಸಿ, ಕೀ ಕಿತ್ತು, ಮುಷ್ಟಿಯಲ್ಲಿ ಹಿಡಿದುಕೊಂಡ.

"ಯಾರು ನಿಲ್ಲಿಸೋಕೆ ಹೇಳಿದ್ದು? ಹಾಕಿ ಕೀ!"

"ಇಲ್ಲ."

ಅವಳು ಕಿವುಡಿಯ ಹಾಗೆ ಅವನ ಮುಖ ನೋಡಿದಳು. ಮದುವೆಯಾದಾಗಿನಿಂದ ಆ ಬಾಯಲ್ಲಿ ಈ ಪದ ಬಂದದ್ದನ್ನು ಅವಳು ಕೇಳಿಯೇ ಇರಲಿಲ್ಲ. ಬಾಯಿಗೆ ಬಂದಂತೆ ಬೈದಳು. ದಂಡಪಿಂಡ ಎಂದಳು, ಹೆದರುಪುಕ್ಕಲ ಎಂದಳು, ನನ್ನ ಸೀಟು ಕಿತ್ತುಕೊಳ್ಳೋಕೆ ಅಕ್ಕನ ಜೊತೆ ನೀವೂ ಸೇರಿಕೊಂಡಿರಾ ಎಂದಳು. ಕೀ ಕಿತ್ತುಕೊಳ್ಳಲು ಕೈ ಚಾಚಿದಳು. ಚಾಚಿದ ಕೈ ನಡುಗುತ್ತಿತ್ತು. ಅದನ್ನು ಇಬ್ಬರೂ ಒಟ್ಟಿಗೇ ನೋಡಿದರು.

ಅವನು ಜೇಬಿನಿಂದ ಗ್ಲೂಕೋಸಿನ ಪೊಟ್ಟಣ ತೆಗೆದು ಹರಿದು ಅವಳ ಅಂಗೈಗೆ ಸುರಿದ. ಅವಳು ನೆಕ್ಕಿದಳು. ನಾಲಿಗೆಗೆ ಸಿಹಿ ತಾಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

"ರೀ, ಮತ್ತೆ ಶುರುವಾದ್ವಾ ಆ ಗೆಡ್ಡೆಗಳು?"

"ಗೊತ್ತಿಲ್ಲ. ಬೆಳಗ್ಗೆ ಖುಷೀಲಿ ನೀನು ಅರ್ಧ ತಟ್ಟೇನೂ ತಿಂದಿಲ್ಲ, ಅದಕ್ಕೂ ಇರ್ಬಹುದು. ಅವೇ ಆಗಿದ್ರೆ ಮತ್ತೆ ಮುಚ್ಚಿಸೋಣ. ಅದಾದ್ಮೇಲೆ ಇನ್ನೊಂದಿದೆ ಅಂದಿದಾರಲ್ಲ, ಅದನ್ನೂ ಮಾಡ್ಸೋಣ." ಅವನು ಕೀಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. "ನಂಗೂ ಭಯ ಆಗತ್ತೆ ಕಣೇ. ಆದ್ರೆ ಕೀ ಕೊಡಲ್ಲ."

ಅವಳು ಮೂಗು ಒರೆಸಿಕೊಂಡಳು. "ಇಷ್ಟು ವರ್ಷ ಈ ಬಾಯೀನ ಎಲ್ಲಿಟ್ಟಿದ್ರಿ?"

"ನಿನ್ನದು ಮುಗೀಲಿ ಅಂತ ಕಾಯ್ತಿದ್ದೆ."

ಅವಳಿಗೆ ನಗು ತಡೆಯಲಾಗಲಿಲ್ಲ, ಅಳುವೂ ನಿಲ್ಲಲಿಲ್ಲ. ಫೋನಿನ ಪರದೆಯ ಮೇಲೆ ಅಂಕಿ ನಿಂತಲ್ಲೇ ನಿಂತಿತ್ತು, ಆಮೇಲೆ ಒಂದೊಂದೇ ಮೇಲಕ್ಕೆ ಸರಿಯಿತು. ಯಾರಿಗೂ ಎಂದೂ ಕಾಯದಿದ್ದ ಹೆಂಗಸು ಗಂಡನ ಮುಚ್ಚಿದ ಮುಷ್ಟಿಯನ್ನು ನೋಡುತ್ತ ಕಾದಳು. ಒಂದು ಲಾರಿ ಹೋಯಿತು, ಇಬ್ಬರು ಶ್ರಮಿಕರು ಮಾತಾಡಿಕೊಳ್ಳುತ್ತ ಗೋದಾಮಿನೊಳಗೆ ಹೋದರು. ಅವಳು ಎರಡು ಸಲ "ಈಗ?" ಎಂದಳು. ಅವನು ಎರಡು ಸಲವೂ "ಇನ್ನೂ ಇಲ್ಲ" ಎಂದ.

ಅಂಕಿ ಸಾಕಷ್ಟು ಮೇಲೇರಿ ನಿಂತ ಮೇಲೆ, ಇನ್ನಷ್ಟು ಹೊತ್ತು ಕಾದು, ಅವಳ ಕೈ ಹಿಡಿದು ನಡುಕವಿಲ್ಲ ಎಂದು ನೋಡಿ, ಅವನು ಕೀ ಹಾಕಿದ. "ಹೊರಡ್ಲಾ?" ಎಂದ.

"ನನ್ನನ್ನೇನು ಕೇಳ್ತೀರಿ? ಓಡಿಸ್ತಿರೋರು ನೀವು."

ಅವನು ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಕ್ಲಚ್ ಬಿಟ್ಟ. ಕಾರು ಎಗರಿ ಆಫ್ ಆಯಿತು. ಪಕ್ಕದ ಸೀಟಿನಿಂದ ಬಂದ ಬೈಗುಳ ಗೋದಾಮಿನ ಒಳಗಿನವರಿಗೂ ಕೇಳಿಸಿತು.